ಕಡ ತಂದ ಸಿರಿತನ

ನನಗೆ ಚಹಾ ಕೊಟ್ಟ ಸ್ಟೀಲ್ ಗ್ಲಾಸಿನ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ‘ಹಾಜರಾಬಿ’ ಎಂದು ಕೊರೆದಿತ್ತು. ನಾನು ಕುಳಿತಿದ್ದದ್ದು ಗಂಗವ್ವನ ಮನೆಯಲ್ಲಿ.

ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ಹಳೆಯ ರೂಢಿ. ನಮ್ಮ ಮನೆಯ ತಂಬಿಗೆಯೊಂದರ ಮೇಲೆ ಅದನ್ನು ಮದುವೆಗೆ ಉಡುಗೊರೆ ಕೊಟ್ಟ ಸೋದರಮಾವನ ಹೆಸರು ದೊಡ್ಡದಾಗಿಯೂ, ವಧೂವರರ ಹೆಸರು ಉಳಿದ ಜಾಗದಲ್ಲಿ ಮುದುಡಿಕೊಂಡೂ ಇವೆ. ಹೆಸರು ಶಾಶ್ವತವಾಗಲೆಂದು ಕೆಲವರು ಕೆರೆ ಕಟ್ಟಿಸುತ್ತಾರೆ, ಕೆಲವರು ಕಾವ್ಯ ಬರೆಯುತ್ತಾರೆ. ಎರಡೂ ಆಗದವರು ತಂಬಿಗೆ ಕೊಡುತ್ತಾರೆ. ಎಂ.ಎ. ಮಾಡಿದ ನನ್ನ ಹೆಸರು ಇದುವರೆಗೆ ಒಂದು ಚಮಚದ ಮೇಲೂ ಬಂದಿಲ್ಲವಾದ್ದರಿಂದ, ಪರರ ಪಾತ್ರೆ ಓದುವ ಚಟ ನನಗೆ ಅಂಟಿತೆಂದು ಬೇಕಾದರೆ ತಿಳಿಯಿರಿ.

ದುರ್ಗದಬೈಲಿನ ಹಿಂದಿನ ಆ ಓಣಿಗೆ ನಾನು ಹೋದದ್ದು ಮಾತ್ರ ಸರ್ಕಾರಿ ಕೆಲಸದ ಮೇಲೆ. ಆಧಾರವಿಲ್ಲದ ಮುದುಕರಿಗೆ ತಿಂಗಳು ತಿಂಗಳು ಸ್ವಲ್ಪ ಹಣ ಕೊಡುವ ವೃದ್ಧಾಪ್ಯ ವೇತನದ ಯೋಜನೆ ಹೊಸದಾಗಿ ಬಂದಿತ್ತು. ಮೊದಮೊದಲು ಓಣಿಯ ಹಿರಿಯರೊಬ್ಬರು ‘ಇವರು ಬಡವರು’ ಎಂದು ಬರೆದುಕೊಟ್ಟರೆ ಸಾಕಾಗುತ್ತಿತ್ತು. ಹಿರಿಯರ ಕಣ್ಣಿಗೆ ಅವರವರ ಬಂಧುಗಳೇ ಬಡವರಾಗಿ ಕಾಣತೊಡಗಿದ ಮೇಲೆ ನಿಯಮ ಬದಲಾಯಿತು. ಕಚೇರಿಯವರೇ ಮನೆಗೆ ಹೋಗಿ, ಕಣ್ಣಾರೆ ಕಂಡು ವರದಿ ಬರೆಯಬೇಕು; ಹೋಗುವ ಮುನ್ನ ಕಾರ್ಡು ಹಾಕಿ ತಿಳಿಸಬೇಕು. ನಿಯಮ ಮಾಡಿದವರು ಎಲ್ಲವನ್ನೂ ಯೋಚಿಸಿದ್ದರು, ಕಾರ್ಡು ಹಾಕಿ ಬರುವವರನ್ನು ನಮ್ಮ ಕಡೆ ಬೀಗರಂತೆ ಕಾಣುತ್ತಾರೆಂಬುದೊಂದನ್ನು ಬಿಟ್ಟು.

ಗಂಗವ್ವ ಕೌದಿ ಹೊಲಿದು ಬದುಕಿದವಳು. ಗಂಡನಿಲ್ಲ, ಮಕ್ಕಳಿಲ್ಲ, ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ವೇತನ ಬಂದರೆ ಬಾಡಿಗೆ ಕೊಟ್ಟು ತನ್ನ ಖೋಲಿಯಲ್ಲಿ ಉಳಿಯಬಲ್ಲಳು, ಬಾರದಿದ್ದರೆ ಖೋಲಿ ಬಿಡಬೇಕು ಎಂದು ಅರ್ಜಿಯಲ್ಲಿತ್ತು. ನನ್ನ ಕಣ್ಣಿಗೆ ಕಂಡದ್ದೇ ಬೇರೆ. ಕೈಗಳಿದ್ದ ಬೆತ್ತದ ಕುರ್ಚಿ, ನೆಲದ ಮೇಲೆ ಜಮಖಾನ, ಮೂಲೆಯಲ್ಲಿ ಥಳಥಳಿಸುವ ಹಿತ್ತಾಳೆಯ ಸ್ಟೋವ್, ಗೋಡೆಗೆ ಗಂಭೀರವಾಗಿ ಟಿಕ್‌ಟಿಕ್ ಎನ್ನುವ ಗಡಿಯಾರ. ಅಂಥ ಗಡಿಯಾರ ನಮ್ಮ ಮನೆಯಲ್ಲೂ ಇರಲಿಲ್ಲ. ವೇತನಕ್ಕೆ ನಾನೇ ಅರ್ಜಿ ಹಾಕುವುದು ನ್ಯಾಯವೆಂದು ಒಂದು ಕ್ಷಣ ಅನ್ನಿಸಿತು.

“ಆರಾಮ ಕೂಡ್ರಿ ಅಕ್ಕಾರ,” ಎಂದಳು ಗಂಗವ್ವ. “ಖರೇ ಹೇಳ್ರಿ, ವೇತನ ಅಂದ್ರ ಪಗಾರ ಹೌದಲ್ರಿ? ಮುದುಕಿ ಆಗೂದೂ ಒಂದು ನೌಕರಿ ಏನ್ರಿ? ಹಂಗಿದ್ರ ನಾ ಭಾಳ ದಿನದಿಂದ ಡ್ಯೂಟಿ ಮಾಡಾಕತ್ತೇನಿ. ಹಿಂದಿನ ಬಾಕೀನೂ ಸೇರಿಸಿ ಬರೀರಿ!”

ನಾನು ಸುಲಭಕ್ಕೆ ನಗುವವಳಲ್ಲ. ಆದರೂ ಚಹಾ ನೆತ್ತಿಗೇರಿತು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸು ಕಾಣಿಸಿಕೊಂಡಳು.

“ಗಂಗಕ್ಕಾ, ಸಾಹೇಬ್ರು ಹ್ವಾದ್ರೇನ? ಸ್ಟೋ ಲಗೂ ಕೊಡ, ನಮ್ಮ ಮನ್ಯಾಗ ಅಕ್ಕಿ ಹಂಗ ನೆನಕೋತ ಕುಂತಾವ.”

ಗಂಗವ್ವ ಕಣ್ಣಿನಲ್ಲೇ ಗದರಿಸಿದಳು. “ಹಾಜರಾ, ಸುಮ್ಮನಿರ ನೀ! ಸಾಹೇಬ್ರು ಇಲ್ಲೇ ಅದಾರ.”

ಹಾಜರಾಬಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯ, ಈ ಹುಡುಗೀನ ಏನು ಸಾಹೇಬ್ರು? ಇದಕ್ಯಾಕವ್ವ ಮಾಸ್ತರ್ರ ಗಡ್ಯಾಳ ತರಿಸಿದಿ? ಅವ್ರು ಸಾಲಿಯಿಂದ ಬಂದ್ರ ಗ್ವಾಡಿ ನೋಡಿ ಗಾಬರಿ ಆಕ್ಕಾರ!”

ಗಂಗವ್ವನ ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಕೆಲಸ ಕೆಟ್ಟ ಯಜಮಾನಿತಿಯ ಸಿಟ್ಟಿತ್ತು. ಇವೆಲ್ಲ ಇದ್ದರೆ ವೇತನ ಸಿಗುವುದಿಲ್ಲವೆಂದು ನಾನು ಮೆಲ್ಲಗೆ ತಿಳಿಸಿದೆ.

“ಸರಕಾರ ಮನಿಗೆ ಬಂದಾಗ ಬರಿ ನೆಲದ ಮ್ಯಾಲ ಕೂಡಸ್ಲೇನ್ರಿ?” ಎಂದಳು ಆಕೆ. “ಬಡತನ ನಂದು. ಬಂದವ್ರಿಗೆ ಅದನ್ಯಾಕ ಬಡಸ್ಲಿ?”

ಬಡತನವನ್ನು ಬಡಿಸುವುದು! ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಅಲಂಕಾರಶಾಸ್ತ್ರ ಓದಿದ ನನಗೆ ಇಂಥ ಒಂದು ಮಾತೂ ಹುಟ್ಟಿರಲಿಲ್ಲ. ಆದರೆ ಮಾತಿನ ಸೊಗಸಿನಿಂದ ಬಾಡಿಗೆ ಸಂದಾಯವಾಗುವುದಿಲ್ಲ. ಓಣಿಯವರು ಸ್ಟೋವ್ ಕೊಟ್ಟಾರು, ಗಡಿಯಾರ ಕೊಟ್ಟಾರು. ಆಕೆಯ ಬಾಡಿಗೆ ಕೊಡುವಷ್ಟು ಅವರಲ್ಲೂ ಇರಲಿಲ್ಲ. ನಮ್ಮ ನಿಯಮವೋ ‘ಆಧಾರ ಇದೆಯೇ, ಇಲ್ಲವೇ’ ಎಂದಷ್ಟೇ ಕೇಳುತ್ತಿತ್ತು. ಎಷ್ಟರ ಮಟ್ಟಿಗೆ ಎಂದು ಕೇಳಲು ಅದಕ್ಕೆ ತೋಚಿರಲಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ನಮ್ಮ ಸಾಹೇಬರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಕಡ ತಂದದ್ದು ಅಂತ ಸಾಮಾನಿನ ಮ್ಯಾಲ ಬರದಿರತೈತೇನ್ರಿ?”

“ಗ್ಲಾಸಿನ ಮ್ಯಾಲ ಬರದಿತ್ರಿ,” ಎಂದೆ.

ಅವರು ನಕ್ಕುಬಿಟ್ಟರು. “ನಾಳೆ ನಾನ ಬಂದು ನೋಡತೇನಿ. ಏನೂ ತರಬ್ಯಾಡಂತ ಹೇಳ್ರಿ ಆ ಅಜ್ಜಿಗೆ. ಖೋಲಿಯಾಗ ಬ್ಯಾರೆಯವರ ಒಂದು ಸಾಮಾನೂ ಇರಬಾರದು. ಹಂಗಿದ್ರ ಅಲ್ಲೇ ಸಹಿ ಮಾಡತೇನಿ.”

ಸಂಜೆ ಮತ್ತೆ ಓಣಿಗೆ ಹೋದೆ. ಜಮಖಾನ ಬೇಡವೆಂದೆ, ಒಪ್ಪಿದಳು. ಗಡಿಯಾರ ಆಗಲೇ ಮಾಸ್ತರರ ಗೋಡೆ ಸೇರಿತ್ತು. ಕುರ್ಚಿಯ ಮಾತು ಬಂದಾಗ ಮಾತ್ರ ಗಂಗವ್ವ ಸೆರಗು ಬಿಗಿದು ನಿಂತಳು. “ಅಷ್ಟು ದೊಡ್ಡ ಮನಷ್ಯಾ ನನ್ನ ಮನ್ಯಾಗ ನಿಂತು ಹೋಗಬೇಕೇನು? ಕುರ್ಚಿ ಇಲ್ಲಂದ್ರ ಅವ್ರು ಬರೂದೂ ಬ್ಯಾಡ, ಪಗಾರೂ ಬ್ಯಾಡ.” ಹಾಜರಾಬಿಯೂ ಅವಳ ಪಕ್ಷವೇ: “ಖರೇ ಐತಲ್ರಿ ಮತ್ತ!”

ಮನೆಗೆ ಬಂದು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅರ್ಜಿದಾರರ ಬಳಿ ಏನೇನು ಇರಬಾರದು ಎಂಬ ಬಗ್ಗೆ ಅದು ಬಹಳ ವಾಚಾಳಿ. ನೋಡಲು ಬಂದವರು ಏನನ್ನು ತರಬಾರದು ಎಂಬ ಬಗ್ಗೆ ಪೂರ್ಣ ಮೌನಿ.

ಮರುದಿನ ಬೆಳಿಗ್ಗೆ, ಸಾಹೇಬರು ಹೊರಡುವ ಮೊದಲೇ, ಕಚೇರಿಯಿಂದ ಅವರದೇ ಕುರ್ಚಿಯನ್ನು ಟಾಂಗಾಕ್ಕೆ ಹಾಕಿಸಿ, ಅದು ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ದುರ್ಗದಬೈಲಿನ ಕಡೆಗೆ ಹೊರಟೆ.