ಹಾರ್ನ್ ಹೊಡೆದು ಮನೆಗೆ ಬರುವ ಶಂಕರ

ಬಿಳಿಕೆರೆಯ ಶಂಕರನಿಗೆ ಬಾಯಿಗಿಂತ ಕೈ ಮುಂದು. ಗೂಡ್ಸ್ ಆಟೊ ಓಡಿಸುತ್ತಾನೆ, ಮೂಟೆ ಎತ್ತುವುದರಲ್ಲಿ ಇಬ್ಬರಿಗೆ ಸಮ. ಅದೇ ಕೈಯಲ್ಲಿ ಹೆಂಡತಿ ಭಾಗ್ಯಮ್ಮನ ಮುಂಬಲ್ಲು ಉದುರಿಸಿದ್ದಾನೆ. ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ! ಅಷ್ಟಕ್ಕೇ ಮುದ್ದೆ ತೊಳಸುವ ಕೋಲಿನಿಂದ ಬಾಯಿಗೆ ಬಾರಿಸಿದ. ಬೆಳಿಗ್ಗೆ ಎದ್ದು ಏನೂ ಆಗೇ ಇಲ್ಲವೆಂಬಂತೆ ಕಾಫಿ ಕೇಳಿದ, ಪುಣ್ಯಾತ್ಮ. ಹತ್ತು ವರ್ಷದ ಮಗಳು ಪ್ರಿಯಾ, ತಿರುವಿನಲ್ಲಿ ಆಟೊ ಸದ್ದು ಕೇಳಿದರೆ ಸಾಕು, ರಾಗಿ ಡ್ರಮ್ಮು ಸರಿಸಿ ಅದರ ಹಿಂದೆ ಸೇರಿಕೊಳ್ಳುತ್ತಿದ್ದಳು.

ಇಂಥವನನ್ನು ಹಿಡಿದು ನಿಲ್ಲಿಸಿದ್ದು ಪೊಲೀಸರಲ್ಲ, ನೆಂಟರಲ್ಲ, ಮೊಬೈಲಿನ ಒಂದು ಆಟ. ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯ ಮುಂದೆ ತಂಬಾಕಿನ ಹೊರೆ ತುಂಬಿದ ಗಾಡಿಗಳ ಸಾಲು ಮಧ್ಯಾಹ್ನವಾದರೂ ಕರಗುವುದಿಲ್ಲ. ಅಲ್ಲಿ ಕಾಯುವ ಬೇಸರ ಕಳೆಯಲೆಂದು ಜೊತೆಯ ಡ್ರೈವರ್ ಬಸವಪ್ರಸಾದ್ ಶಂಕರನ ಫೋನಿಗೆ ಆ ಆಟ ಹಾಕಿಕೊಟ್ಟ. ಯಾರೋ ಒಬ್ಬನೇ ಕೂತು ಮಾಡಿದ ದೆವ್ವದ ಚಿಕ್ಕ ಆಟ. ಅದರಲ್ಲಿ ಆಡುವವನು ಒಂದು ಮಗು. ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಮುಖವಿಲ್ಲದ ಒಂದು ಆಕಾರ ಮನೆಗೆ ನುಗ್ಗಿ, ಅಡುಗೆಮನೆಯಲ್ಲಿ ತಾಯಿಯ ತಲೆಯನ್ನು ಗೋಡೆಗೆ ಚಚ್ಚುತ್ತದೆ. ಅದರ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಮಗು ಅವಿತುಕೊಳ್ಳಬೇಕು. ಶಂಕರ ಮೊದಲು ನಕ್ಕ. ಆಮೇಲೆ ಆ ತಾಯಿಯನ್ನು ಉಳಿಸಲೇಬೇಕೆಂದು ಹಠಕ್ಕೆ ಬಿದ್ದು ಊಟವನ್ನೂ ಮರೆತ.

ಕೊನೆಯ ಭಾಗದಲ್ಲಿ ಆಟ ತಿರುಗಿಬಿತ್ತು. ಈಗ ಆ ಆಕಾರವೇ ಶಂಕರ. ಕೈಯಲ್ಲಿ ದೊಣ್ಣೆ, ಮಂಚದ ಕೆಳಗೆ ಮಗು. ದೊಣ್ಣೆ ಕೆಳಗಿಡಲು ಎಲ್ಲೆಲ್ಲೋ ಒತ್ತಿದ. ಎಲ್ಲಿ ಒತ್ತಿದರೂ ಏಟೇ ಬಿತ್ತು. ಮೂಳೆ ಮುರಿಯಿತು, ಪರದೆಯ ತುಂಬ ರಕ್ತ ಹರಡಿತು, ಮಗುವಿನ ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. ಫೋನು ಎಸೆದು ಗಾಡಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡ. ಬಸವಪ್ರಸಾದ್ ಗೇಲಿ ಮಾಡುತ್ತಿದ್ದರೂ ಬಾಯಿ ತೊಳೆದು ಫೋನು ಹೆಕ್ಕಿಕೊಂಡ.

ಇನ್ನು ಮಗಳು ತನ್ನನ್ನು ಕಂಡು ಅವಿತುಕೊಳ್ಳಬಾರದು, ಅವನಿಗೆ ಬೇಕಾದದ್ದು ಅಷ್ಟೇ. ಅಂದು ಸಂಜೆ ತಿರುವಿನಲ್ಲೇ ಇಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಗಾಡಿಯನ್ನು ಸದ್ದಿಲ್ಲದೆ ಮನೆಯವರೆಗೆ ಬಿಟ್ಟುಕೊಂಡು ಬಂದ. ದೊಡ್ಡ ಉಪಾಯ ಮಾಡಿದೆನೆಂದು ಒಳಗೊಳಗೇ ಹಿಗ್ಗಿದ ಬೇರೆ. ಭಾಗ್ಯಮ್ಮ ಕೂಲಿಯಿಂದ ಇನ್ನೂ ಬಂದಿರಲಿಲ್ಲ. ಪ್ರಿಯಾ ಒಲೆಯ ಮುಂದೆ ಮುದ್ದೆಯ ಹಿಟ್ಟು ತೊಳಸುತ್ತಿದ್ದಳು. ಬನ್ನಿನ ಪೊಟ್ಟಣ ಹಿಡಿದು ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದ.

ಅವಳು ಕಿರುಚಿ ತಿರುಗಿದವಳೇ ಕೈಯಲ್ಲಿದ್ದ ಕೋಲನ್ನು ಬೀಸಿಬಿಟ್ಟಳು. ಹುಬ್ಬು ಸೀಳಿತು, ಕೆಂಡದಂಥ ಹಿಟ್ಟು ಕೆನ್ನೆಗೆ ಮೆತ್ತಿಕೊಂಡು ಚರ್ಮ ಸುಟ್ಟಿತು. ಅಭ್ಯಾಸಬಲ, ಹಾಳಾದ ಕೈ ಮೇಲೆದ್ದೇಬಿಟ್ಟಿತು. ಪ್ರಿಯಾ ತಲೆ ಮುಚ್ಚಿಕೊಂಡು ನೆಲಕ್ಕೆ ಮುದುಡಿದಳು. ತೋಳಿನ ಸಂದಿಯಿಂದ ನೋಡುತ್ತಿದ್ದ ಕಣ್ಣಿನ ಗುರುತು ಅವನಿಗೆ ಸಿಕ್ಕಿತು, ಮಂಚದ ಕೆಳಗಿನ ಆ ಮಗುವಿನದೇ. ಎತ್ತಿದ ಕೈ ಕೆಳಗಿಳಿಯಿತು.

"ಇನ್ಮೇಲೆ ಒಡೆಯಾಕಿಲ್ಲ ಕಣವ್ವ," ಎಂದ. ರಕ್ತ ಬಾಯಿಗೆ ಇಳಿಯುತ್ತಿತ್ತು.

"ಯಾವಾಗ್ಲೂ ಅಂಗೇ ಅಂತೀಯ. ನೀನು ಸದ್ದು ಮಾಡ್ಕೊಂಡೇ ಬಾಪ್ಪ. ಸದ್ದಾದ್ರೆ ಬಚ್ಚಿಟ್ಕೊಳ್ಳಾಕೆ ಟೈಮ್ ಸಿಗ್ತದೆ."

ವರ್ಷ ಕಳೆದಿದೆ, ಆ ಮನೆಯಲ್ಲಿ ಒಂದೇಟೂ ಬಿದ್ದಿಲ್ಲ. ಹುಬ್ಬಿನ ಗಾಯದ ಬಗ್ಗೆ ಯಾರು ಕೇಳಿದರೂ ಶಂಕರ ಮಾತು ಬದಲಿಸುತ್ತಾನೆ. ಸಂಜೆ ತಿರುವಿಗೆ ಬಂದಕೂಡಲೇ ಹಾರ್ನ್ ಹೊಡೆಯುತ್ತಾನೆ. ಬಾಗಿಲ ಮುಂದೆ ಗಾಡಿ ನಿಲ್ಲಿಸಿದ ಮೇಲೂ, ಒಳಗೆ ಡ್ರಮ್ಮು ಸರಿದ ಸದ್ದು ಕೇಳುವವರೆಗೆ ಕೆಳಗಿಳಿಯುವುದಿಲ್ಲ.