ಗೈರುಹಾಜರಿಯ ಕಾರಣ

ಗೋವಾದ ಮ್ಹಾಪಸಾದ ಸರ್ಕಾರಿ ಕಚೇರಿಯೆದುರು ಅಂದು ನಾವು ನಾಲ್ವರಿದ್ದೆವು: ಟೈಪ್‌ರೈಟರ್ ಮುಂದೆ ಅರ್ಜಿ ಬರೆಯುವ ಧಾರವಾಡದ ಅಜ್ಜ, ಗಂಡನನ್ನು ಕಳೆದುಕೊಂಡ ವಿಜಾಪುರದ ಹೆಣ್ಣುಮಗಳು, ಆಕೆಯ ಅಣ್ಣ, ವಾಸಸ್ಥಳದ ದಾಖಲೆಗೆಂದು ಹೋಗಿದ್ದ ನಾನು. ವಿಚಾರಣೆಗೆ ಕರೆದ ದಿನ ಬರಲಿಲ್ಲವೆಂದು ಆಕೆಯ ವಿಧವಾ ಪಿಂಚಣಿಯ ಅರ್ಜಿಯನ್ನು ತಳ್ಳಿಹಾಕಿದ್ದರು. ಮೇಲ್ಮನವಿಯೂ ಬಿದ್ದರೆ ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ ಊರಿಗೆ ಕಳಿಸುವುದೇ ಗತಿಯಾಗಿತ್ತು.

"ಜ್ವರ ಬಂದಿತ್ತಂತ ಬರೀರಿ ಅಜ್ಜಾರ," ಎಂದ ಅಣ್ಣ.

ಅಜ್ಜ ಕನ್ನಡಕವನ್ನು ಹಣೆಗೇರಿಸಿದರು. ಯಾರು ಬಂದರೂ ಹಾಗೆ ಮಾಡಿ, ಒಂದೇ ಮಾತು ಹೇಳುತ್ತಿದ್ದರು: "ಮೊದಲ ಖರೇ ಹೇಳ್ರಿ."

"ಇದ್ದತ್ತಿನಾಗ ಇದ್ದೆ ರೀ," ಎಂದಳು ಆಕೆ, ನೆಲ ನೋಡುತ್ತ. "ಗಂಡ ತೀರಿದ ಮ್ಯಾಲೆ ನಾಲ್ಕು ತಿಂಗಳ ಹತ್ತು ದಿನ ನಮ್ಮಾಗ ಮನಿ ಬಿಟ್ಟು ಬರಂಗಿಲ್ರಿ."

ಅಜ್ಜ ಅಣ್ಣನತ್ತ ತಿರುಗಿದರು. "ಜ್ವರ ಅಂದ್ರ ಡಾಕ್ಟರ ಚೀಟಿ ಕೇಳ್ತಾರ. ನಿನ್ನ ಕಿಸೇದಾಗ ಐತೇನು? ದುಃಖದಾಗ ಕುಂತಾಕಿನ್ನ ಸುಳ್ಳಾಕಿ ಯಾಕ ಮಾಡ್ತೀಯೋ ತಮ್ಮಾ?"

ಇದ್ದದ್ದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಸಾಲುಸಾಲಿಗೂ ಬೆರಳಿಟ್ಟು ಕನ್ನಡದಲ್ಲಿ ಹೇಳಿದ ಮೇಲೆಯೇ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮೇಲ್ಮನವಿ ಓದಿದ ಸಾಹೇಬರು ಆಕೆಯನ್ನು ಮತ್ತೆ ವಿಚಾರಣೆಗೆ ಕರೆಸಿದರು. ಪಿಂಚಣಿ ಮಂಜೂರಾಯಿತು. ಆ ಜೂನ್‌ನಲ್ಲಿ ಮಕ್ಕಳಿಬ್ಬರೂ ಮ್ಹಾಪಸಾದ ಶಾಲೆಗೇ ಹೋದರು.