ಸೊನ್ನೆ ಎಂಟು ಸೊನ್ನೆ

ನಾನು ಶಾಲೆ ಕಂಡವಳಲ್ಲ. ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದಾಗ ಗೋಡೆಗೆ ಅಂಟಿಸಿದ್ದ ಊರುಗಳ ಹೆಸರು, ಕೋಡುಗಳನ್ನು ಓದಿ ಓದಿಯೇ ಅಕ್ಷರ ಕಲಿತೆ. ಕೋಡ್ ನೋಡಿದರೆ ಸಾಕು, ಊರು ಹೇಳುತ್ತೇನೆ ಎಂಬ ಜಂಬ ಮೊನ್ನೆಯವರೆಗೂ ಇತ್ತು.

ಮೊನ್ನೆ ತಂಗಿಯನ್ನು ಹೆರಿಗೆಗೆಂದು ರಾಮನಗರದ ನರ್ಸಿಂಗ್ ಹೋಮಿಗೆ ಸೇರಿಸಿ, ಅವಳ ಬಟ್ಟೆ ತರಲು ಮಾಗಡಿಯ ಮನೆಗೆ ಬಂದಿದ್ದೆ. ವಾಪಸ್ ಹೋಗುವ ಬಸ್ಸಿನಲ್ಲಿ ಫೋನ್ ಬಡಿದುಕೊಂಡಿತು. ಸೊನ್ನೆ ಎಂಟು ಸೊನ್ನೆ. ಬೆಂಗಳೂರಿನ ಸೈಟು ಮಾರುವವರೇ ಎಂದು ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ನರ್ಸಿಂಗ್ ಹೋಮಿನವರು ಮಾಡುವ ಹೊತ್ತಿಗೆ ಇವರ ಕಾಟ ಇರಬಾರದಲ್ಲ!

ನಾಲ್ಕನೇ ಸಲಕ್ಕೆ ಕಂಡಕ್ಟರ್, "ಯಾರು ಅಂತ ಒಸಿ ಕೇಳಕ್ಕ" ಎಂದ.

"ಬೆಂಗಳೂರು ನಂಬರ್ ಕಣಪ್ಪ. ಕೋಡೆಲ್ಲ ನಂಗೊತ್ತು."

"ಯಾವ ಕಾಲದಲ್ಲಿದ್ದೀಯಕ್ಕ? ರಾಮನಗರಕ್ಕೂ ಈಗ ಅದೇ ಕೋಡು. ಬದಲಾಗಿ ಎಷ್ಟೋ ವರ್ಷ ಆಗೈತೆ!"

ಹಾಗಾದರೆ ಅದು ನರ್ಸಿಂಗ್ ಹೋಮಿನವರೇ! ತಿರುಗಿ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೂ ಎಂಗೇಜ್. ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುತ್ತಿತ್ತು. ಕೊನೆಗೂ ನರ್ಸ್ ಎತ್ತಿದಳು.

"ಏನಮ್ಮ ನೀವು? ಆಪರೇಷನ್‌ಗೆ ಸೈನ್ ಹಾಕಿ ಅಂತ ಕರೆದರೆ ಕಟ್ ಮಾಡ್ತೀರಲ್ಲ! ಕಡೆಗೆ ನಿಮ್ಮ ತಂಗೀನೇ ನೋವಲ್ಲಿ ಸೈನ್ ಹಾಕಿ ಒಳಗೆ ಹೋದರು."

ಆಮೇಲಿನ ದಾರಿಯುದ್ದಕ್ಕೂ ಬಟ್ಟೆಯ ಗಂಟನ್ನು ಅವುಚಿಕೊಂಡೇ ಕೂತಿದ್ದೆ. ನಾನು ತಲುಪುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು. ತಾಯಿ, ಮಗು ಇಬ್ಬರೂ ಕ್ಷೇಮ. ತಂಗಿ ಕಣ್ಣು ಬಿಟ್ಟವಳೇ, "ಬಂದ್ಯಾ, ಬೂತಿನ ಮೇಡಮ್ಮು!" ಎಂದಳು.

ಈಗ ಸೊನ್ನೆ ಎಂಟು ಸೊನ್ನೆ ಬಂದರೆ ಮೊದಲ ರಿಂಗಿಗೇ ಎತ್ತುತ್ತೇನೆ. ನಿನ್ನೆ ಎತ್ತಿದವಳೇ ಗಾಬರಿಯಲ್ಲಿ, "ಮಗು ಹೆಂಗೈತೆ?" ಎಂದೆ. ಸೈಟು ಮಾರುವವನು ತಾನೇ ಕಟ್ ಮಾಡಿದ.